ಸಂಗಟ ಬಂದವರು

ರೋಗಗಳಿಗೂ ಊರಿನ ಅಭಿಮಾನ ಇರುತ್ತದೆ ಎಂದು ನಾನು ತೀರಾ ಇತ್ತೀಚಿನವರೆಗೂ ನಂಬಿದ್ದೆ. ಈ ನಂಬಿಕೆ ಪುಸ್ತಕ ಓದಿ ಬಂದದ್ದಲ್ಲ, ಬೆಂಚಿನ ಮೇಲೆ ಕುಳಿತು ಬಂದದ್ದು. ನನ್ನ ಹೆಂಡತಿ ಸುಮಂಗಲಾ ಡಾಕ್ಟರು. ಬೀದರಿನಲ್ಲಿ ಅವಳ ಸ್ವಂತ ದವಾಖಾನೆಯಿದೆ. ವಾರಕ್ಕೊಮ್ಮೆ ಭಾಲ್ಕಿಗೆ, ಇನ್ನೊಮ್ಮೆ ಔರಾದಿಗೆ ಹೋಗಿ ರೋಗಿಗಳನ್ನು ನೋಡುತ್ತಾಳೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ನಾನು ಅವಳ ಕಾರಿನ ಡ್ರೈವರು. ಅವಳು ಪರದೆಯ ಒಳಗಿದ್ದರೆ ನಾನು ಹೊರಗಿನ ಬೆಂಚಿನ ಮೇಲೆ. ನಮ್ಮ ಕಡೆಯ ಜನ ಪಕ್ಕದವರನ್ನು ಸುಮ್ಮನೆ ಕೂಡಲು ಬಿಡುವವರಲ್ಲ. "ನಿಮಗೇನಾಗ್ಯಾದ್ರಿ?" ಎಂದು ಕೇಳಿ, ನಾವು ಬಾಯಿ ತೆರೆಯುವ ಮೊದಲೇ ತಮಗೇನಾಗಿದೆ ಎಂಬುದನ್ನು ಪೂರ್ತಿ ಹೇಳಿ ಮುಗಿಸಿರುತ್ತಾರೆ.

ಹಾಗೆ ಕೇಳಿ ಕೇಳಿಯೇ ನನ್ನ ಸಿದ್ಧಾಂತ ಹುಟ್ಟಿತು. ಭಾಲ್ಕಿಯ ಬೆಂಚಿನ ತುಂಬಾ ಸಕ್ಕರೆ ಕಾಯಿಲೆ. ಅಲ್ಲಿನ ಬೇಳೆಕಾಳು ವ್ಯಾಪಾರಿಗಳು ತೊಗರಿಯ ಧಾರಣೆ ಹೇಳಿದ ಧಾಟಿಯಲ್ಲೇ ತಮ್ಮ ರಕ್ತದ ಸಕ್ಕರೆಯನ್ನೂ ಹೇಳುತ್ತಾರೆ: ಹೋದ ತಿಂಗಳು ಏರಿತ್ತು, ಈಗ ಸ್ವಲ್ಪ ಇಳಿದಿದೆ, ಮುಂದೆ ನೋಡಬೇಕು. ಚಹಾ ತರಿಸಿದರೆ "ಸಕ್ಕರಿ ಬಿಟ್ಟು" ಎಂದು ಒಟ್ಟಿಗೇ ಕೂಗುತ್ತಾರೆ. ಔರಾದಿನಲ್ಲಿ ಮಾತ್ರ ಬರೀ ಮೊಣಕಾಲು. ಬೆಂಚಿನ ಮೇಲೆ ಕೂತ ಎಲ್ಲರ ಕೈಯೂ ತಮ್ಮ ತಮ್ಮ ಮೊಣಕಾಲಿನ ಮೇಲೆ. ಸಕ್ಕರೆಯ ಹೆಸರೆತ್ತಿದ ಒಬ್ಬರನ್ನೂ ನಾನು ಅಲ್ಲಿ ಕಂಡಿರಲಿಲ್ಲ. ಬೀದರಿನವರದು ಎದೆಯುರಿ. ಅದಕ್ಕೆ ಬಿರಿಯಾನಿ ಕಾರಣವೆಂದು ನಾನು ಹೇಳುವುದಿಲ್ಲ, ಅದು ನನಗೂ ಬೇಕು.

ಈ ಸಂಶೋಧನೆಯಲ್ಲಿ ನನ್ನ ಸ್ವಾರ್ಥವೂ ಇತ್ತು. ಕೆಲವು ತಿಂಗಳಿಂದ ನನ್ನ ಬಾಯಿ ಒಣಗುತ್ತಿತ್ತು. ಎಷ್ಟು ನೀರು ಕುಡಿದರೂ ಸಾಲದು, ಕುಡಿದದ್ದು ನಿಲ್ಲದು. "ಒಂದ್ ಸಲ ರಕ್ತ ತೋರಸ್ರಿ" ಎಂದು ಸುಮಂಗಲಾ ಹಿಂದೆ ಬಿದ್ದಿದ್ದಳು. ನಾನು ಬಿಸಿಲಿನ ಮೇಲೆ, ಉಪ್ಪಿನಕಾಯಿಯ ಮೇಲೆ, ಕೊನೆಗೆ ಕಾರಿನ ಎಸಿಯ ಮೇಲೂ ತಪ್ಪು ಹೊರಿಸಿ ನುಣುಚಿಕೊಳ್ಳುತ್ತಿದ್ದೆ. ಸಕ್ಕರೆ ಬಂತೆಂದರೆ ಹೂರಣದ ಹೋಳಿಗೆ ಹೋಯಿತು, ಸಂಜೆಯ ಚಹಾದ ರುಚಿಯೂ ಹೋಯಿತು. ಆಮೇಲೆ ನಿವೃತ್ತ ಮನುಷ್ಯನಿಗೆ ಉಳಿಯುವುದಾದರೂ ಏನು? ಔರಾದಿಗೆ ಹೋಗುವ ದಾರಿಯಲ್ಲಿ ಒಂದು ದಿನ ನನ್ನ ಸಿದ್ಧಾಂತವನ್ನು ಅವಳ ಮುಂದಿಟ್ಟೆ.

"ನಮ್ಮ ಔರಾದ್ ತಾಲೂಕಿನಾಗ ಸಕ್ಕರಿ ಬ್ಯಾನಿ ಇಲ್ಲ ನೋಡು. ಎಲ್ಲಾ ಜ್ವಾಳದ ರೊಟ್ಟಿ ಪ್ರತಾಪ. ನಾ ಎಕಂಬಾದಾಗ ಹುಟ್ಟಿದಾವ, ನನ್ನ ರಕ್ತ ಯಾಕ ನೋಡ್ತಿ?"

"ಇಲ್ಲ ಅಂತ ಯಾರ್ ಹೇಳ್ಯಾರ್ರಿ? ಸಕ್ಕರಿ ಅದ ಅಂತ ಹೇಳ್ಕೊಂಡ್ ಯಾರೂ ಬಂದಿಲ್ಲ, ಅಷ್ಟೇ. ಭಾಲ್ಕಿ ಸಾವಕಾರ್ರು ಮ್ಯಾಲಿಂದ ಮ್ಯಾಲ ತೋರಸ್ತಾರ, ಅದಕ್ಕ ಸಿಗ್ತದ. ಇಲ್ಲಿ ಮಂದಿ ನಡೀಲಿಕ್ಕೇ ಆಗಲ್ಲ ಅಂದಾಗ ಬರ್ತಾರ. ಮೊಣಕಾಲ್ ಒದರ್ತದ್ರಿ, ಸಕ್ಕರಿ ಒದರಂಗಿಲ್ಲ."

ನಾನು ಗೇರ್ ಬದಲಿಸಿದೆ.

ನಮ್ಮ ಕಡೆ ದವಾಖಾನೆಗೆ ಒಬ್ಬರೇ ಹೋಗುವ ಪದ್ಧತಿಯಿಲ್ಲ. ರೋಗಿಯ ಕೈ ಹಿಡಿಯಲು ಒಬ್ಬರು, ರೋಗಿಯ ಪರವಾಗಿ ಮಾತಾಡಲು ಒಬ್ಬರು, ಹೇಗೂ ಔರಾದಿನಲ್ಲಿ ಕೆಲಸವಿತ್ತೆಂದು ಮತ್ತೊಬ್ಬರು. ಇವರಿಗೆಲ್ಲ ಸಂಗಟ ಬಂದವರು, ಅಂದರೆ ಜೊತೆಗೆ ಬಂದವರು ಎಂದು ಹೆಸರು. ಬೇರೆ ಡಾಕ್ಟರುಗಳು ಇವರನ್ನು ಹೊರಗೆ ಕಳಿಸಿದರೆ, ಸುಮಂಗಲಾ ಈಚೆಗೆ ಹಿಡಿದು ಕೂರಿಸಿಕೊಳ್ಳತೊಡಗಿದ್ದಾಳೆ. ಆ ದಿನ ಸಂತಪುರದಿಂದ ಶರಣಮ್ಮನೆಂಬ ಮುದುಕಿ ಮೊಣಕಾಲು ಹಿಡಿದುಕೊಂಡು ಬಂದಿದ್ದಳು; ಕರೆತಂದವಳು ಸೊಸೆ ಮಹಾದೇವಿ. ಪರದೆ ತೆಳುವಾಗಿದ್ದರಿಂದ ಒಳಗಿನ ಮಾತೆಲ್ಲ ನನಗೆ ಕೇಳಿಸುತ್ತಿತ್ತು.

"ಅತ್ತಿದು ಆಯ್ತು. ಈಗ ನೀ ಕೂಡವ್ವ."

"ನಂಗೇನಾಗ್ಯಾದ್ರಿ ಡಾಕ್ಟರ್ ಬಾಯಿ? ನಾ ಸಂಗಟ ಬಂದೀನ್ರಿ."

"ಸಂಗಟ ಬಂದವರ್ನೂ ನೋಡ್ತೇನಿ. ಕಣ್ ತೆಗಿ. ಕೊಡಾ ಹೊತ್ರ ದಮ್ಮು ಬರ್ತದೇನು?"

ಸೊಸೆಯ ಸಣ್ಣ ದನಿ ಬಂತು: "ಬರ್ತದ್ರಿ. ಕೆಲಸಾ ಜಾಸ್ತಿ ಅದಲ್ರಿ, ಅದಕ್ಕಿರಬೇಕಂತ ಸುಮ್ನ ಇದ್ದೆ."

ಆ ಹುಡುಗಿಯ ಮೈಯಲ್ಲಿ ರಕ್ತವೇ ಇರಲಿಲ್ಲವಂತೆ. "ಅಯ್ಯ, ಮುಂಚೇನೇ ಯಾಕ ಹೇಳ್ಲಿಲ್ಲವ್ವ?" ಎಂದು ಶರಣಮ್ಮ ಗಾಬರಿಯಾದಳು. "ಯಾರ್ ಕೇಳ್ಯಾರ್ರಿ ಅತ್ತಿ" ಎಂದಳು ಸೊಸೆ. ದೂರಿನ ದನಿಯಲ್ಲ, ಇದ್ದ ಸಂಗತಿ ಹೇಳಿದಳು.

ಅವರ ನಂತರ ಟೇಲರ್ ಖಲೀಲ್ ಭಾಯಿ ಹೆಂಡತಿಯ ಮೊಣಕಾಲು ತೋರಿಸಲು ಒಳಗೆ ಹೋದರು. "ನಂದೇನಿಲ್ರಿ ಮೇಡಂ, ತಬಿಯತ್ ಬರಾಬರ್ ಅದ" ಎಂದು ಎಷ್ಟು ಹೇಳಿದರೂ ಸುಮಂಗಲಾ ಬಿಡಲಿಲ್ಲ. ಬೆರಳಿಗೆ ಸೂಜಿ ಚುಚ್ಚಿದರೆ ಸಕ್ಕರೆ! ಔರಾದಿನಲ್ಲಿ ಇಲ್ಲವೇ ಇಲ್ಲವೆಂದು ನಾನು ಸಾರಿದ್ದ ಕಾಯಿಲೆ ವಾರವಾರವೂ ನನ್ನ ಪಕ್ಕದಲ್ಲೇ ಕೂತು, ತಾನು ಸಂಗಟ ಬಂದದ್ದೆಂದು ಹೇಳಿಕೊಂಡು ತಿರುಗುತ್ತಿತ್ತು. ಬಂದವರನ್ನು ನೋಡಿ ಲೆಕ್ಕ ಹಾಕುವುದು ನನಗೂ ಬರುತ್ತದೆ. ತಮಗಾಗಿ ಎಂದೂ ಬಾರದವರನ್ನು ಹುಡುಕಿ ನೋಡುವುದಿದೆಯಲ್ಲ, ಅದಕ್ಕೆ ಸುಮಂಗಲಾಳೇ ಬೇಕು. ಇಂಥವಳು ನನ್ನ ಹೆಂಡತಿ ಎಂದು ಹೆಮ್ಮೆಯಿಂದ ಎದೆಯುಬ್ಬಿಸಿ ಅತ್ತಿತ್ತ ನೋಡಿದೆ. ಬೆಂಚಿನ ಮೇಲೆ ನನ್ನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ.

"ಇನ್ನ ಯಾರರ ಅದಾರೇನು?" ಒಳಗಿನಿಂದ ದನಿ ಬಂತು.

"ಪೇಷಂಟ್ ಮುಗದಾರ್ರಿ ಬಾಯಿ. ಸಂಗಟ ಬಂದವರು ಒಬ್ಬರು ಕೂತಾರ್ರಿ" ಎಂದ ಕಂಪೌಂಡರ್, ನನ್ನತ್ತ ನೋಡದೆಯೇ.

ಓಡಿಹೋಗಬಹುದಿತ್ತು, ಕಾರಿನ ಕೀಲಿ ನನ್ನ ಜೇಬಿನಲ್ಲೇ ಇತ್ತು. ಆದರೆ ಇಷ್ಟು ಹೊತ್ತು ಅಷ್ಟು ಮೆಚ್ಚಿಕೊಂಡ ಪದ್ಧತಿಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಬೆರಳು ಕೊಟ್ಟೆ. ಅಂಕಿ ನೋಡಿ ಅವಳು ಬೈಯಲಿಲ್ಲ, ನನ್ನ ಕೈಯನ್ನು ತುಸು ಹೊತ್ತು ಹಾಗೇ ಹಿಡಿದುಕೊಂಡಳು. "ಅಂಜಬ್ಯಾಡ್ರಿ, ನಾ ಇದ್ದೇನಿ" ಎಂದಳು. ಈಗ ನನ್ನ ಬಳಿ ಹೊಸ ಸಿದ್ಧಾಂತವಿದೆ: ಡಾಕ್ಟರ್ ಸುಮಂಗಲಾಳ ಗಂಡಂದಿರಲ್ಲಿ ಈ ಕಾಯಿಲೆ ನೂರಕ್ಕೆ ನೂರು.

ಹಿಂತಿರುಗುವಾಗ ಸಂತಪುರದಲ್ಲಿ ಚಹಾಕ್ಕೆ ನಿಂತೆವು. ಪಕ್ಕದಲ್ಲೇ ಅವಳು ನಿಂತಿದ್ದಳಲ್ಲ, "ಸಕ್ಕರಿ ಬಿಟ್ಟು" ಎಂದು ಮೆಲ್ಲಗೆ ಹೇಳಿದೆ. ಅಂಗಡಿಯವನು ಪಾತ್ರೆಯಿಂದ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಭಾಲ್ಕಿಯವರೇನ್ರಿ?"

ಎಕಂಬಾದವನು ಎನ್ನಲು ಬಾಯಿ ತೆರೆದೆ. ನಮ್ಮ ತಾಲೂಕಿನ ಮರ್ಯಾದೆ ನೆನಪಾಯಿತು.

"ಹೌದ್ರಿ, ಭಾಲ್ಕಿ" ಎಂದೆ.