ಜಂಬಲಾಯದ ಮುದ್ದೆ

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುತ್ತೇನೆಯೇ ಹೊರತು ನಿಂತುಹೋಯಿತು ಎನ್ನುವುದಿಲ್ಲ. ನಮ್ಮ ಮೇಷ್ಟ್ರು ಬೇರೆ ಥರ ಹೇಳಿಯಾರು, ಅವರ ಮಾತು ಈಗ ಬೇಡ. ಮುಂದಿನ ವಾರವೇ ಹಾಸನದ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಲು ಕೂತೆ. ಈಗ ಹೊಳೆನರಸೀಪುರದಲ್ಲಿ ನನ್ನದೇ ಅಂಗಡಿ. ಸುತ್ತಲಿನ ಯಾವ ಪಂಪ್‌ಸೆಟ್ಟು ಕೆಮ್ಮಿದರೂ ಶಬ್ದ ಕೇಳಿಯೇ ರೋಗ ಹೇಳಬಲ್ಲೆ. ಇಂಜಿನಿಯರಿಂಗ್ ಓದಿದವರು ಮೀಟರು ಹಿಡಿದು ಅರ್ಧ ಗಂಟೆ ನೋಡಿ, ನಾನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇಂಥ ನನಗೂ ಒಂದು ರೋಗವಿದೆ. ಓದಿದವರು ಯಾರಾದರೂ ‘ಅದು ನಿಮಗೆ ಗೊತ್ತಾಗಲ್ಲ ಬಿಡಿ’ ಅಂದರೆ, ಅದು ಎಂಥದೇ ಆಗಿರಲಿ, ಗೊತ್ತು ಅಂದುಬಿಡುತ್ತೇನೆ. ಈ ರೋಗದಿಂದಾಗಿ ಹಿಂದೆ ಒಂದು ಹಾರ್ಮೋನಿಯಂ ರಿಪೇರಿ ಮಾಡಿದ್ದೇನೆ, ಒಬ್ಬರ ಪಾಸ್‌ಪೋರ್ಟ್ ಅರ್ಜಿ ತುಂಬಿದ್ದೇನೆ. ಹಾರ್ಮೋನಿಯಂ ಯಾವ ಮನೆ ಒತ್ತಿದರೂ ಒಂದೇ ಸ್ವರ ಹೊರಡಿಸುತ್ತದೆ. ಅರ್ಜಿ ತುಂಬಿಸಿಕೊಂಡವರು ಈಗಲೂ ಊರಲ್ಲೇ ಇದ್ದಾರೆ.

ಈ ಬೇಸಿಗೆಯಲ್ಲಿ ಮಗಳು ಸುಮಾಳ ಮದುವೆ ಮಾಡಿದೆ. ಅಳಿಯ ಚೇತನ್ ಅರಕಲಗೂಡಿನ ಕಡೆಯವರು, ಹಾಸನದ ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರು, ಮೇಲೆ ಪಿಎಚ್‌ಡಿ. ಒಳ್ಳೆಯ ಹುಡುಗ. ಆದರೆ ಅವರ ಎದುರು ನೀರು ಕುಡಿದರೂ ಆ ಲೋಟದ ಇತಿಹಾಸ ಹೇಳುತ್ತಾರೆ. ಮದುವೆಯಾದ ಮೇಲೆ ಮೊದಲ ಸಲ ಊಟಕ್ಕೆ ಬಂದಾಗ, ನನ್ನ ಹೆಂಡತಿ ಕೊಯ್ಸಿದ ನಾಟಿ ಕೋಳಿಯ ಸಾರಿನ ಮುಂದೆ ಕೂತು, ‘ಜಂಬಲಾಯ’ ಎಂಬ ಅಡುಗೆಯ ವಿಷಯ ಎತ್ತಿದರು. ಅಮೆರಿಕದ ದಕ್ಷಿಣದ್ದಂತೆ. ಸ್ಪೇನಿನವರದು ಒಂದಿಷ್ಟು, ಫ್ರಾನ್ಸಿನವರದು ಒಂದಿಷ್ಟು, ಆಫ್ರಿಕಾದಿಂದ ಹಿಡಿದು ತಂದ ಜನರದು ಒಂದಿಷ್ಟು ಸೇರಿ ಆಗಿದ್ದಂತೆ. ಅಕ್ಕಿ, ಕೋಳಿ, ಸೀಗಡಿ, ದಪ್ಪಮೆಣಸಿನಕಾಯಿ ಎಲ್ಲ ಒಂದೇ ಪಾತ್ರೆಗೆ. ಒಂದು ಪಲಾವಿಗೆ ಇಷ್ಟು ದೇಶದವರು ಸೇರಬೇಕಾಯಿತಲ್ಲ ಎಂದು ನನಗೆ ಅನ್ನಿಸಿತು. ‘ಅಷ್ಟೇನಾ? ಮಾಡಿದ್ರಾಯ್ತು’ ಅಂದೆ. ಅವರು ನಕ್ಕು, ‘ಅದನ್ನ ಓದಿ ಅರ್ಥ ಮಾಡ್ಕೊಂಡು ಮಾಡ್ಬೇಕು ಮಾವ. ನಿಮಗೆ ಗೊತ್ತಾಗಲ್ಲ ಬಿಡಿ’ ಅಂದರು. ನಾನು ಕೈ ತೊಳೆಯುವ ಮುಂಚೆಯೇ ಮಾತು ಕೊಟ್ಟಾಗಿತ್ತು: ಮುಂದಿನ ಸಲ ಬಂದಾಗ ಜಂಬಲಾಯ, ನನ್ನ ಕೈಯದೇ. ಅಳಿಯನ ಬಾಯಿಂದ ‘ಮಾವ, ಚೆನ್ನಾಗಿದೆ’ ಎಂಬ ಒಂದು ಮಾತು ಹೊರಡಿಸದಿದ್ದರೆ ನಾನು ತಂತಿ ಸುತ್ತಿದ್ದೆಲ್ಲ ದಂಡ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ.

ಮುಂದಿನ ಸಲ ಬಂದದ್ದು ಆಷಾಢದಲ್ಲಿ. ಹೊಸದಾಗಿ ಮದುವೆಯಾದವಳು ಆಷಾಢಕ್ಕೆ ತವರಿಗೆ ಬರಬೇಕು, ಆ ತಿಂಗಳು ಅಳಿಯ ಅತ್ತೆಯ ಮುಖ ನೋಡಬಾರದು, ಇಬ್ಬರೂ ಒಂದೇ ಹೊಸ್ತಿಲು ದಾಟಬಾರದು. ಇದು ನಮ್ಮ ಕಡೆಯ ಕಟ್ಟು. ಸುಮಾ ಬಂದು ಹತ್ತು ದಿನವಾಗಿತ್ತಷ್ಟೇ. ಹನ್ನೊಂದನೇ ದಿನ ಭಾನುವಾರ, ಅಳಿಯ ಸ್ಕೂಟರಿನ ಮುಂದೆ ಒಂದು ಮೋಟಾರು ಇಟ್ಟುಕೊಂಡು ಬಂದರು. ‘ಸಂಪಿನ ಮೋಟಾರು ಮಾವ, ಯಾಕೋ ಸೌಂಡ್ ಬರ್ತಿದೆ’ ಅಂದರು. ಬಿಚ್ಚಿ ನೋಡಿದೆ. ಕಾಯಿಲ್ ಫಳಫಳ ಹೊಳೆಯುತ್ತಿತ್ತು, ಮೋಟಾರು ನೀರನ್ನೇ ಕಂಡಿರಲಿಲ್ಲ. ಹಾಗೇ ಮುಚ್ಚಿ ಬೋಲ್ಟು ಬಿಗಿದೆ, ನಾನೂ ಒಂದು ಕಾಲಕ್ಕೆ ಹೊಸ ಅಳಿಯ. ಸ್ಕೂಟರಿನ ಸದ್ದಿಗೇ ನನ್ನ ಹೆಂಡತಿ ಹಿತ್ತಲ ಬಾಗಿಲಿನಿಂದ ಪಕ್ಕದ ಜಯಮ್ಮನವರ ಮನೆ ಸೇರಿಕೊಂಡಿದ್ದಳು. ಜಯಮ್ಮನವರು ಶಿವಾಚಾರದವರು, ಮಾಂಸವಿರಲಿ, ಈರುಳ್ಳಿಯನ್ನೇ ಯೋಚನೆ ಮಾಡಿ ಹೆಚ್ಚುವವರು.

‘ಅಪ್ಪ, ಅಡ್ಗೆ ನಾನ್ ಮಾಡ್ತೀನಿ ಬುಡಿ’ ಎಂದಳು ಸುಮಾ. ‘ಸುಮ್ಕಿರವ್ವ’ ಅಂದು ಲುಂಗಿ ಎತ್ತಿ ಕಟ್ಟಿದೆ. ಹೇಳಬೇಕಾದ್ದು ಹೇಳಿಬಿಡುತ್ತೇನೆ. ನನಗೆ ಬರುವ ಅಡುಗೆ ಒಂದೇ, ಮುದ್ದೆ. ಹಾಸನದಲ್ಲಿ ಕೆಲಸ ಕಲಿಯುವಾಗ ರೂಮಿನಲ್ಲಿ ಮೂರು ವರ್ಷ ಅದನ್ನೇ ಮಾಡಿದ್ದೆ. ಅಳಿಯ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮೊಬೈಲು ನೋಡಿ ಪಾಠ ಓದಿದ ಹಾಗೆ ಓದತೊಡಗಿದರು. ಸಾಸೇಜು ಎಂದರು. ಅದು ಹಂದಿಯದು ಎಂದು ತಿಳಿದ ಮೇಲೆ ಕೋಳಿಯನ್ನೇ ಇನ್ನರ್ಧ ಕೇಜಿ ಹೆಚ್ಚು ಹಾಕಿದೆ. ಸೀಗಡಿ ಎಂದರು. ಹಸಿಯದು ಸಿಕ್ಕಿರಲಿಲ್ಲ, ಗೊರೂರಿನಿಂದ ತರಿಸಿದ್ದ ಒಣ ಸೀಗಡಿ ಇತ್ತು. ಅದು ಎಣ್ಣೆಗೆ ಬಿದ್ದ ಕೂಡಲೆ ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಸೆಲರಿ ಎಂದರು. ಹಸಿರು ದಂಟಂತೆ. ಹಸಿರು ದಂಟು ನಮ್ಮಲ್ಲಿಲ್ಲವೇ, ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ ದಂಟನ್ನೆಲ್ಲ ಹೆಚ್ಚಿ ಹಾಕಿದೆ.

ಹಿತ್ತಲ ಗೋಡೆಯಾಚೆಯಿಂದ ಹೆಂಡತಿಯ ದನಿ ಬಂತು. ‘ರೀ, ದಂಟು ನೀವ್ ತಗಂಡ್ರೆ ಸೊಪ್ಪ ಇತ್ಲಾಗ್ ಕೊಡಿ, ಬಿಸಾಕ್ಬೇಡಿ!’ ಸುಮಾ ಸೊಪ್ಪನ್ನು ಗೋಡೆಯ ಮೇಲಿಟ್ಟು ಬಂದಳು.

ಅಳಿಯ ಮುಂದಿನದನ್ನು ಓದಿದರು. ‘ಎರಡು ಕಪ್ ಅಕ್ಕಿ, ಮೂರು ಕಪ್ ನೀರು. ಅಕ್ಕಿ ಹಾಕಿದ ಮೇಲೆ ಮುಚ್ಚಿಡಬೇಕು, ಕಲಕಲೇಬಾರದು ಮಾವ.’ ಯಾವ ಕಪ್ಪು ಅಂತ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸ ಲೆಕ್ಚರರಿಗಿಲ್ಲ, ‘ಸ್ಟ್ಯಾಂಡರ್ಡ್ ಕಪ್’ ಅಂದರು. ನಾನು ಮುದ್ದೆಗೆ ಎಸರಿಡುವ ಅಂದಾಜಿನಲ್ಲಿ ನೀರು ಹುಯ್ದೆ. ಮುಚ್ಚಿಟ್ಟೆವು. ಅವರು ಅಮೆರಿಕದ ನದಿಗಳ ವಿಷಯ ಹೇಳುತ್ತಾ ಹೋದರು, ನಾನು ಹೂಂಗುಟ್ಟುತ್ತಾ ಕೂತೆ.

‘ರೀ, ಏನೋ ಸೀದ್ ವಾಸ್ನೆ ಬತ್ತಾ ಅದೆ!’

‘ಅದು ಹಂಗೇ ಇರೋದು ಕಣೆ. ಸ್ಮೋಕಿ ಅಂತಾರೆ ಅದಕ್ಕೆ!’ ಎಂದು ಕೂಗಿದೆ. ಎರಡು ಬೀದಿಯಾಚೆ ಸುಟ್ಟ ಕಾಯಿಲಿನ ವಾಸನೆ ಹಿಡಿಯುವ ಮೂಗು ನನ್ನದು, ಎರಡು ಅಡಿ ದೂರದ ಪಾತ್ರೆ ಅದಕ್ಕೆ ತಿಳಿಯಲಿಲ್ಲ. ಮುಚ್ಚಳ ತೆಗೆದರೆ ತಳ ಕಪ್ಪಾಗಿತ್ತು, ಮೇಲೆ ಗಂಜಿ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಮುದ್ದೆ ಕೋಲು. ‘ಮಾವ, ಕಲಕಬಾರದು!’ ಎಂದು ಅಳಿಯ ಎದ್ದು ನಿಂತರು. ಕೋಲು ಕೈಗೆ ಬಂದ ಮೇಲೆ ನನ್ನ ತೋಳಿಗೆ ಗೊತ್ತಿರುವುದು ಒಂದೇ ಕೆಲಸ. ಪಾತ್ರೆಯನ್ನು ಕೆಳಗಿಳಿಸಿ ಕಾಲಲ್ಲಿ ಒತ್ತಿಹಿಡಿದು ತೊಳಸಿದೆ. ಅಕ್ಕಿ, ದಂಟು, ಸೀಗಡಿ, ಕೋಳಿ ಎಲ್ಲ ಒಂದಾದವು. ಆಗಲೂ ನೀರು ನೀರಾಗಿತ್ತು. ನೀರಾದರೆ ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಡಬ್ಬ ತೆಗೆದು ಎರಡು ಬೊಗಸೆ ರಾಗಿ ಹಿಟ್ಟು ಸುರಿದೆ. ಸುಮಾ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಹತ್ತು ನಿಮಿಷದಲ್ಲಿ ತಟ್ಟೆಯ ಮೇಲೆ ಆರು ಮುದ್ದೆ ಹೊಳೆಯುತ್ತಾ ಕೂತಿದ್ದವು. ಒಂದೊಂದರಿಂದಲೂ ಒಂದೊಂದು ಸೀಗಡಿ ಮೀಸೆ ಹೊರಗೆ ಹಾಕಿತ್ತು.

ಅಷ್ಟರಲ್ಲಿ ಗೋಡೆಯ ಮೇಲೆ ಒಂದು ಪಾತ್ರೆ ಬಂದು ಕೂತಿತು. ನಾನು ಬಿಟ್ಟ ಸೊಪ್ಪಿನಲ್ಲಿ ನನ್ನ ಹೆಂಡತಿ ಜಯಮ್ಮನವರ ಒಲೆಯ ಮೇಲೆ ಬಸ್ಸಾರು ಮಾಡಿದ್ದಳು. ‘ಪಾತ್ರೆ ವಾಪಸ್ ಬ್ಯಾಡ ಕಣಪ್ಪಾ, ನೀವೇ ಮಡಿಕಳಿ!’ ಎಂದು ಜಯಮ್ಮನವರು ಮೂಗು ಮುಚ್ಚಿಕೊಂಡ ದನಿಯಲ್ಲಿ ಕೂಗಿದರು.

ಅಳಿಯ ಮುದ್ದೆ ಮುರಿದರು, ಬಸ್ಸಾರಿನಲ್ಲಿ ಹೊರಳಿಸಿದರು, ನುಂಗಿದರು. ನಾನು ಅವರ ಬಾಯನ್ನೇ ನೋಡುತ್ತಾ ಕೂತೆ. ಎರಡನೇ ಮುದ್ದೆಯೂ ಹೋಯಿತು. ಮೂರನೆಯದರ ನಡುವೆ ತಲೆ ಎತ್ತಿದರು. ಬಂತು ನನ್ನ ಮಾತು ಎಂದು ಬೆನ್ನು ನೆಟ್ಟಗೆ ಮಾಡಿದೆ.

ಅವರು ಗೋಡೆಯ ಕಡೆ ತಿರುಗಿ, ‘ಅತ್ತೇ, ಬಸ್ಸಾರು ಬೊಂಬಾಟಾಗದೆ!’ ಎಂದು ಕೂಗಿದರು. ಪಿಎಚ್‌ಡಿ ಎಲ್ಲ ಇಳಿದು ಅಪ್ಪಟ ಅರಕಲಗೂಡು ಹೊರಗೆ ಬಂದಿತ್ತು.

‘ಇನ್ನೂ ಇಕ್ಕಳಿ ಅಳಿಯಂದ್ರೇ, ನಾಚ್ಕಬ್ಯಾಡಿ!’ ಎಂದು ಗೋಡೆ ಉತ್ತರ ಕೊಟ್ಟಿತು. ಮುಖ ನೋಡಬಾರದು ಎಂದಿದೆಯೇ ಹೊರತು ಮಾತಾಡಬಾರದು ಎಂದು ಯಾವ ಹಿರಿಯರೂ ಹೇಳಿಲ್ಲವಂತೆ.

‘ಜಂಬಲಾಯ?’ ಎಂದೆ ನಾನು, ಮೆಲ್ಲಗೆ.

‘ಮುದ್ದೇಲಿ ಮೂಳೆ ಸಿಕ್ತು ಮಾವ. ಅದೊಂದು ನೋಡ್ಕೊಳಿ.’

‘ನೀವು ಮುಂಚೆ ತಿಂದಿದ್ದ ಜಂಬಲಾಯ ಹೆಂಗಿತ್ತು ಮತ್ತೆ?’

‘ನಾನೆಲ್ಲಿ ತಿಂದಿದ್ದೀನಿ ಮಾವ? ಪಾಠ ಮಾಡ್ತೀನಿ ಅಷ್ಟೆ.’

ಸಂಜೆ ಅವರು ಹೊರಟರು. ಉಳಿದ ಬಸ್ಸಾರನ್ನು ಡಬ್ಬಿಗೆ ಹಾಕಿಸಿಕೊಂಡರು. ಉಳಿದ ಮುದ್ದೆಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಸ್ಕೂಟರಿನ ಸದ್ದು ಮರೆಯಾದ ಮೇಲೆ ಹೆಂಡತಿ ಮನೆಗೆ ಬಂದು, ಪಾತ್ರೆಯ ತಳ ನೋಡಿ, ‘ಮಾಡ್ದೋರೇ ತೊಳ್ಕಳಿ’ ಎಂದು ಹೋದಳು. ಹಿತ್ತಲಲ್ಲಿ ಕೂತು ಬೂದಿ ಹಾಕಿ ಉಜ್ಜುತ್ತಾ ಯೋಚನೆ ಮಾಡಿದೆ. ಒಂದು ಮಾತಿಗಾಗಿ ಅರ್ಧ ದಿನ ಬಾಯಿ ಬಿಟ್ಟುಕೊಂಡು ಕೂತಿದ್ದೆನಲ್ಲ, ಅದೇ ಮಾತಿಗೆ ಇವಳು ಮೂವತ್ತು ವರ್ಷದಿಂದ ದಿನಕ್ಕೆ ಎರಡು ಹೊತ್ತು ಕಾದಿದ್ದಾಳು. ನಾನು ಉಪ್ಪು ಕಮ್ಮಿಯಾದ ದಿನ ಮಾತ್ರ ಬಾಯಿ ಬಿಟ್ಟವನು. ಮದುವೆಯಾಗಿ ಮೂರು ತಿಂಗಳಾಗದ ಅಳಿಯ, ಮುಖವನ್ನೂ ನೋಡದೆ, ಗೋಡೆಗೆ ಹೇಳಿಬಿಟ್ಟರು. ಕೈ ಒರೆಸಿಕೊಂಡು ಒಳಗೆ ಹೋದೆ. ‘ಬಸ್ಸಾರು ಚೆನ್ನಾಗಿತ್ತು ಕಣೆ’ ಅಂದೆ. ಅವಳು ಟಿವಿಯಿಂದ ಕಣ್ಣು ಕಿತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಯಾಕ್ರೀ, ಇನ್ನೇನ್ ಸೀಯಿಸಿದ್ದೀರಿ?’ ಅಂದಳು.

ಈಗ ನನ್ನ ಹತ್ತಿರ ಇರುವುದು: ಅಂಗಡಿ ಒಂದು, ವೈಂಡಿಂಗ್ ಮಿಷನ್ನು ಎರಡು, ಮನೆ ಒಂದು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅಳಿಯ ಒಬ್ಬರು, ತಳ ಕಪ್ಪಾದ ಪಾತ್ರೆ ಒಂದು, ಮುದ್ದೆ ಮೂರು.