ಮೈಕಣ್ಣನ ಗಂಟಲು

ಎದುರುಮನೆಯ ಬೆಕ್ಕು ಅಡುಗೆಮನೆಗೆ ನುಗ್ಗಿ ಹಾಲಿನ ಪಾತ್ರೆಗೆ ಮೂತಿ ಹಾಕಿದ್ದೇ ಎಲ್ಲಕ್ಕೂ ಕಾರಣ. ಮೈಕಣ್ಣ ಹಾಸಿಗೆಯಿಂದಲೇ ಹೊಟ್ಟೆಯಾಳದಿಂದ ಒಂದು ಕೂಗು ಹಾಕಿದ. ಬೆಕ್ಕು ಓಡಿತು, ಅದರ ಹಿಂದೆಯೇ ಅವನ ದನಿಯೂ ಓಡಿತು. ಮತ್ತೆ ಬಾಯಿ ತೆರೆದಾಗ ಬಂದದ್ದು ಎಣ್ಣೆ ಕಾಣದ ಬಾಗಿಲಿನ ಕಿರುಗುಟ್ಟುವಿಕೆ.

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದೇ ಅವನ ಕೆಲಸ. ಅವನ ದನಿ ಊರಿಗೆಲ್ಲ ಗೊತ್ತು. ಮುಖ ಗೊತ್ತಿದ್ದವರು ಕಡಿಮೆ. ಅದೂ ಇವತ್ತು ಮೇಲಧಿಕಾರಿ ಮೇಡಂ ಬಂದು, ದನಿ ಕೇಳಿ, ಕೆಲಸ ಕಾಯಂ ಮಾಡುವ ದಿನ!

"ರಜೆ ಹಾಕ್ಬಿಡಿ ಅತ್ಲಾಗೆ," ಎಂದಳು ಹೆಂಡತಿ.

"ಸತ್ರೂ ಇಲ್ಲ!" ಎಂದು ಕಿರುಗುಟ್ಟಿ ಮೈಕಣ್ಣ ಅಂಗಿ ತೊಟ್ಟ.

ಪಕ್ಕದ ಮನೆಯ ಅಜ್ಜಿ ಹಿಡಿದು ನಿಲ್ಲಿಸಿ ಬಿಸಿನೀರು ಕುಡಿಸಿದರು. ಮೂಲೆಯ ದರ್ಜಿ, "ಬಿಸಿ ಕುಡಿದ್ಯಾ? ಕೆಟ್ಟೆ!" ಎಂದು ಬಾಯಿಗೆ ಐಸ್ ನೀರು ಸುರಿದ. ಟೀ ಅಂಗಡಿಯಾಕೆ ಇಬ್ಬರನ್ನೂ ಬೈದು ಒಂದು ಹಿಡಿ ಮೆಣಸು ಅಗಿಸಿದಳು. ನಿಲ್ದಾಣ ಮುಟ್ಟುವ ಹೊತ್ತಿಗೆ ಕಿರುಗುಟ್ಟುವಿಕೆಯೂ ನಿಂತು, ಪಂಕ್ಚರ್ ಆದ ಟೈರಿನ ಹಾಗೆ ಬರೀ ಗಾಳಿ ಬರುತ್ತಿತ್ತು.

ಬಾಗಿಲಲ್ಲಿ ಕಾವಲುಗಾರ ತಡೆದ. ದಿನಾ "ಏನಪ್ಪಾ, ಆರಾಮಾ?" ಎಂಬ ದನಿ ಕೇಳಿ, ಪತ್ರಿಕೆಯಿಂದ ತಲೆಯೆತ್ತದೆ ಒಳಗೆ ಬಿಡುತ್ತಿದ್ದವನು ಇವತ್ತೇ ಮೊದಲ ಸಲ ತಲೆಯೆತ್ತಿ ನೋಡಿದ್ದ. ಮೈಕಣ್ಣ ಎದೆ ತಟ್ಟಿಕೊಂಡ. ಮುಷ್ಟಿಯನ್ನು ಬಾಯಿಯ ಮುಂದೆ ಮೈಕಿನಂತೆ ಹಿಡಿದು ತೋರಿಸಿದ.

"ಮೈಕಣ್ಣನಾ? ನೀನಾ? ಹೋಗಯ್ಯಾ! ಅವ್ರು ಎತ್ತರದ ಆಳು."

ಮೈಕಣ್ಣ ತನ್ನನ್ನೇ ಮೇಲಿಂದ ಕೆಳಗೆ ನೋಡಿಕೊಂಡ. ದನಿಯೊಂದು ಹೋದರೆ 'ನಾನು' ಅನ್ನುವುದೇ ಉಳಿಯುವುದಿಲ್ಲವೇ? ಹಾಗಾದರೆ ಈ ಕೈಕಾಲು, ಈ ಮೂಗು, ಬಾಲ್ಯದಿಂದ ಕೂಡಿಟ್ಟ ನೆನಪು, ಇವೆಲ್ಲ ಯಾರವು? ಇವತ್ತು ನಾನು ನಾನೇ ಎಂದು ತೋರಿಸಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿ, ಹಿಂದಕ್ಕೆ ಹೋಗಿ ಪಾರ್ಸಲ್ ಕೋಣೆಯ ಕಿಟಕಿ ಹತ್ತಿ ಒಳಕ್ಕೆ ಧುಮುಕಿದ.

ಬಿದ್ದದ್ದು ಪಾರ್ಸಲ್ ಗುಮಾಸ್ತನ ತೊಡೆಯ ಮೇಲೆ. ಕಂಡಕಂಡವರ ದನಿ ಅನುಕರಿಸಿ ನಗಿಸುವುದರಲ್ಲಿ ಈ ಗುಮಾಸ್ತ ಎತ್ತಿದ ಕೈ. ಸನ್ನೆಯಲ್ಲೇ ಸಂಗತಿ ತಿಳಿದು, "ಅಷ್ಟೇನಾ! ನಾನು ಮೇಜಿನ ಕೆಳಗೆ ಕೂತು ಹೇಳ್ತೀನಿ, ನೀನು ತುಟಿ ಆಡ್ಸಣ್ಣಾ," ಎಂದ.

ಮೇಡಂ ಮೈಕಿನ ಕೋಣೆಗೆ ಬಂದು ಕುಳಿತರು. ಮೇಜಿನ ಮೇಲೆ ಮೈಕಣ್ಣನ ತುಟಿ, ಕೆಳಗೆ ಗುಮಾಸ್ತನ ಗಂಟಲು. "ಪ್ರಯಾಣಿಕರ ಗಮನಕ್ಕೆ..." ಎಂದು ಶುರುವಾದದ್ದು ಎಲ್ಲೂ ಎಡವದೆ ಮುಗಿಯಿತು.

"ಭೇಷ್! ನಿಮ್ಮ ಹೆಸರು?"

ಗುಮಾಸ್ತನಿಗೆ ಮೈಕಣ್ಣನ ನಿಜವಾದ ಹೆಸರೇ ಗೊತ್ತಿರಲಿಲ್ಲ. ಕೆಳಗಿನಿಂದ "ಮೈಕಣ್ಣ" ಎಂದು ಬಂದು ನಿಂತಿತು. ಮೇಲೆ ತುಟಿಗಳು ಇನ್ನೂ ಉದ್ದದ ಹೆಸರೊಂದನ್ನು ಹೇಳುತ್ತಲೇ ಇದ್ದವು.

ಮೇಡಂ ಮೇಜಿನ ಬಟ್ಟೆ ಎತ್ತಿದರು. ಗುಮಾಸ್ತ ಕೈಮುಗಿದುಕೊಂಡು ತೆವಳಿ ಹೊರಬಂದ. ಇಬ್ಬರ ಕೆಲಸವೂ ಹೋಯಿತು ಎನ್ನುವಷ್ಟರಲ್ಲಿ ಮೇಡಂ ನಕ್ಕು ಗುಮಾಸ್ತನ ಕಡೆ ಬೆರಳು ಮಾಡಿದರು. "ದನಿ ಇವರದ್ದಾದ್ರೆ ಮೈಕಿಗೆ ಇವರೇ ಕಾಯಂ. ನೀವು ಪಾರ್ಸಲ್ ನೋಡ್ಕೊಳ್ಳಿ."

"ಮೇಡಂ, ನಾನು ಬರೀ..." ಎಂದ ಗುಮಾಸ್ತ.

"ವಿನಯ ಸಾಕು."

ಮೈಕಣ್ಣ ಗಂಟಲು ಮುಟ್ಟಿ ಮುಟ್ಟಿ ತೋರಿಸಿದ. "ಬಾಯಾರಿಕೆನಾ? ನೀರು ಕುಡೀರಿ," ಎಂದು ಅವರು ಎದ್ದು ಹೋದರು.

ಆದರೂ ಅವನು ಸೋಲೊಪ್ಪಲಿಲ್ಲ. ಪಾರ್ಸಲ್ ಕೋಣೆಯಲ್ಲಿ ಕೂತು ಕೆಮ್ಮಿದ, ಕ್ಯಾಕರಿಸಿದ. ಮೂಟೆಗಳ ಧೂಳಿಗೆ ಒಂದು ಸೀನು ಬಂತು, ಇನ್ನೊಂದು ಬಂತು, ಅದರ ಮೇಲಿನದು ಮಾಡು ಹಾರಿಸುವಂಥದ್ದು. ಬಿರಡೆ ಕಿತ್ತ ಹಾಗೆ ಗಂಟಲು ತೆರೆದುಕೊಂಡಿತು! ಮೂಟೆ ಹಾರಿ, ಕಾವಲುಗಾರನನ್ನು ತಳ್ಳಿ ಓಡಿ, ಹೊರಡುತ್ತಿದ್ದ ಮೇಡಂ ಜೀಪಿಗೆ ಅಡ್ಡ ನಿಂತ.

"ಪ್ರಯಾಣಿಕರ ಗಮನಕ್ಕೆ!"

ಅದೇ ತುಂಬು ದನಿ. ನಿಲ್ದಾಣದಲ್ಲಿದ್ದವರೆಲ್ಲ ಚೀಲ ಎತ್ತಿಕೊಂಡು ದಿಗ್ಗನೆ ಎದ್ದು ನಿಂತರು.

ಮೇಡಂ ಕಿಟಕಿ ಇಳಿಸಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಮರುಕದಿಂದ ಅವನ ಕಡೆ ನೋಡಿದರು.

"ಪರವಾಗಿಲ್ವೇ, ನೀವೂ ಅವರ ಥರಾನೇ ಮಾಡ್ತೀರಿ! ಆದ್ರೆ ಅಸಲಿ ಕೇಳಿದ ಕಿವಿಗೆ ನಕಲಿ ಗೊತ್ತಾಗ್ಬಿಡುತ್ತೆ, ನೋಡಿ. ಅಭ್ಯಾಸ ಮಾಡಿ, ಬರುತ್ತೆ."