ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿದ ಭಾವ

ನಾನು ಓದು ನಿಲ್ಲಿಸಿದ್ದು 1966ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಆಮೇಲೆ ಯಾರಿಂದಲೂ ಪಾಠ ಹೇಳಿಸಿಕೊಂಡವನಲ್ಲ. ಶಿರಾ ಗೇಟಿನ ಪಂಕ್ಚರ್ ಅಂಗಡಿಯನ್ನು ನಾನೇ ಕಟ್ಟಿದೆ. ಅಂಥವನಿಗೆ, ಮಕ್ಕಳಾದ ಮೇಲೆ, ಮತ್ತೆ ನಿಲ್ಲುವುದನ್ನು ಕಲಿಸಲು ಬಂದ ಮಹಾನುಭಾವರೆಂದರೆ ಕುಣಿಗಲ್ಲಿನ ನಮ್ಮ ಅಕ್ಕನ ಗಂಡ. ಲಾರಿ ಡ್ರೈವರು. ಬ್ರೇಕು ಇರುವುದು ಹೇಡಿಗಳಿಗೆ ಎನ್ನುತ್ತಿದ್ದ ಈ ಭಾವ, ಕಲ್ಕತ್ತೆಗೆ ತೊಗಲಿನ ಲೋಡು ಒಯ್ದು ಒಯ್ದು ಆಮೆಗಿಂತ ನಿಧಾನವಾಗಿಬಿಟ್ಟರು. ಅಲ್ಲಿನ ಚೀನೀಯರ ಚರ್ಮದ ಕಾರ್ಖಾನೆಯಲ್ಲಿ ಲೋಡು ಇಳಿಯುವ ತನಕ ಕಾಯುವಾಗ ಒಬ್ಬ ಚೀನೀ ಮುದುಕ ಬೆಳಗಿನ ಹೊತ್ತು, ಕಾಸು ಕೇಳದೆ, ನಿಧಾನಕ್ಕೆ ಕೈಕಾಲು ಆಡಿಸುವ ಒಂದು ಕಸರತ್ತು ಕಲಿಸಿದನಂತೆ. ಅದರ ಹೆಸರು ತೈ ಚೀ. ದೇಹಕ್ಕೂ ಮನಸ್ಸಿಗೂ ಒಳ್ಳೆಯದಂತೆ.

ಬಿಟ್ಟಿ ಕಲಿಸುವ ಮುದುಕ ಯಾವ ಊರಲ್ಲಿದ್ದಾನೆ? ನನಗೆ ಅನುಮಾನ. ಹತ್ತಿರ ಹೋಗಿ ಭಾವನ ಬಾಯಿ ಮೂಸಿದೆ. ಏಲಕ್ಕಿ ವಾಸನೆ. ಅನುಮಾನ ಇನ್ನೂ ಜಾಸ್ತಿಯಾಯಿತು.

1985ರಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಕೈ ಎದೆಯಿಂದ ಮೇಲೇಳದು. ಲಾರಿ ಟೈರು ಬಿಚ್ಚುವವನಿಗೆ ಸುತ್ತಿಗೆ ಎತ್ತಲಾಗದಿದ್ದರೆ ಅಂಗಡಿ ಮುಚ್ಚಬೇಕು. ಯಾರಿಗೂ ಹೇಳಲಿಲ್ಲ. ಆಗಲೇ ಒಂದು ಬೆಳಗ್ಗೆ ಭಾವ ಮೊದಲನೇ ಬಸ್ಸಿಗೆ ಬಂದಿಳಿದು, ಅಂಗಡಿ ಮುಂದೆ ಕಾಲಗಲಿಸಿ ನಿಂತು ಗಾಳಿಯಲ್ಲಿ ಕೈ ಆಡಿಸತೊಡಗಿದರು.

"ಬಾರ್ಲಾ ಭಾಮೈದ. ಕ್ಲಚ್ ತುಳಿ."

"ಎಲ್ಲೈತೆ ಭಾವ ಕ್ಲಚ್ಚು?"

"ಎಡಗಾಲಲ್ಲೈತೆ. ನಿಧಾನಕ್ಕೆ ಬುಡು. ಈಗ ಸ್ಟೇರಿಂಗ್ ತಿರುಗ್ಸು. ಗುದ್ದಬ್ಯಾಡ ಕಣೋ, ಹೊಸಾ ಗಾಡಿ."

ಬಸ್ಸಿಗೆ ಕಾಯುವವರೆಲ್ಲ ಇತ್ತಲೇ ತಿರುಗಿದರು. ಇಬ್ಬರಿಗೂ ಒಟ್ಟಿಗೆ ದೆವ್ವ ಹಿಡಿದಿದೆಯೆಂದು ಎದುರು ಹೋಟೆಲಿನ ಅಜ್ಜಿ ನಿಂಬೆಹಣ್ಣು ಇಳಿ ತೆಗೆದು ನಮ್ಮ ಮುಂದೆ ಹಾಕಿದರು. ಅಂಥ ಹಣ್ಣನ್ನು ಯಾರಾದರೂ ದಾಟುತ್ತಾರೆಯೇ? ಭಾವ ನಿಧಾನಕ್ಕೆ ಬಾಗಿ, ನಿಧಾನಕ್ಕೆ ಎತ್ತಿ, ಅದೇ ಅಜ್ಜಿಯ ಹತ್ತಿರವೇ ಷರಬತ್ತು ಮಾಡಿಸಿಕೊಂಡು ಕುಡಿದರು.

ಲಾರಿ ಮೇಲೆ ಹೋಗದ ದಿನವೆಲ್ಲ ಹೀಗೆ ಬಂದರು. ಏನೋ ಕೇಳಲಿಕ್ಕೇ ಬರುತ್ತಿದ್ದಾರೆ ಎಂದುಕೊಂಡೆ.

"ಹಳೇ ಟೈರು ಬೇಕಾ ಭಾವ?"

"ತಕೊಂಡೋಗಿ ಜೋಕಾಲಿ ಕಟ್ಲಾ?"

ಕೊನೆಗೆ ತಾಳ್ಮೆ ಕೆಟ್ಟಿತು. "ನಿಮಗೇನು ಬೇಕು, ಬಾಯಿ ಬಿಟ್ಟು ಹೇಳ್ಬಿಡಿ" ಎಂದೆ.

ಭಾವ ಕೈ ನಿಲ್ಲಿಸಲಿಲ್ಲ. "ಗುಬ್ಬಿ ಊರಿನ ಮದ್ವೇಲಿ ನೀನು ಎಡಗೈಲಿ ಬಡಿಸ್ದೆ. ದುಡ್ಡಿನ ಕೊಬ್ಬು ಅಂತ ಪಂಕ್ತಿ ಪಂಕ್ತೀನೇ ಬೈತು. ಬೈಸ್ಕೊಂಡೆ, ಬಲಗೈ ಏಳಲ್ಲ ಅನ್ಲಿಲ್ಲ. ಕೈ ನೋವೈತಾ ಅಂತ ಕೇಳಿದ್ರೆ ನೀನು ಒಪ್ತಿದ್ಯೇನ್ಲಾ? ಅದ್ಕೇ ಕೇಳ್ದಂಗೆ ಬಂದೆ."

ಎಡಗಾಲು ಮುಂದಿಟ್ಟೆ, ಕ್ಲಚ್ ತುಳಿದೆ.

ವರ್ಷ ತುಂಬುವುದರೊಳಗೆ ಸುತ್ತಿಗೆ ತಲೆಯ ಮೇಲಕ್ಕೆ ಎದ್ದಿತು. ವಾಸಿಯಾದದ್ದು ತೈ ಚೀಯಿಂದಲೋ, ತಾನಾಗಿಯೋ, ಆ ಅನುಮಾನ ಮಾತ್ರ ಹೋಗಿಲ್ಲ. ಈಗ ನನಗಿರುವುದು ಅಂಗಡಿ ಒಂದು, ಗಾಳಿ ಹಾಕುವ ಮಿಷಿನ್ನು ಎರಡು, ಎತ್ತಿದರೆ ಏಳುವ ಕೈ ಎರಡು, ಭಾವ ಒಬ್ಬರು.